ಮುಂದೆ ನಾಲ್ಕು ಬೆರಳು, ಹಿಂದೆ ನಾಲ್ಕು ಬೆರಳು

ಮಂಗಳವಾರ ಸಂಜೆ ಆರೂಕಾಲಿಗೆ ಚಾಳೀಸಣ್ಣ ತನ್ನ ಹಳೇ ಕಾರನ್ನು ರಿವರ್ಸ್ ತೆಗೆದು, ದೀಪದ ಕಂಬಕ್ಕೂ ಪಕ್ಕದ ಟೈಲರನ ಮೆಟ್ಟಿಲಿಗೂ ನಡುವೆ ಇದ್ದ ಇಕ್ಕಟ್ಟು ಜಾಗದಲ್ಲಿ, ತನ್ನ ಮನೆಯ ಗೋಡೆಗೆ ಒತ್ತಿಕೊಂಡಂತೆ, ಒಂದೇ ಏಟಿಗೆ ನಿಲ್ಲಿಸಿದ. ಒಂದೇ ಏಟಿಗೆ ಅಂದರೆ ಒಂದೇ ಏಟಿಗೆ. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ ಹಣೆ ಚಚ್ಚಿಕೊಳ್ಳುವ ಪೈಕಿ ಅಲ್ಲ. ಸ್ಟಿಯರಿಂಗ್ ತಿರುಗಿಸಿದ, ಕಾರು ಬಂತು, ಕೂತಿತು. ಅವನು ದಿನವಿಡೀ ಫ್ರೇಮಿಗೆ ಕೂರಿಸುವ ಗಾಜು ಕೂಡ ಇಷ್ಟು ಮರ್ಯಾದೆಯಿಂದ ಕೂರುವುದಿಲ್ಲ.

ಕನ್ನಡಕದ ಅಂಗಡಿಯಲ್ಲಿ ಗಾಜು ತೇಯುವುದು ಅವನ ಕೆಲಸ. ಬೀದಿಯಲ್ಲಿ ನಲವತ್ತು ದಾಟಿದವರೆಲ್ಲರ ಮೂಗಿನ ಮೇಲೂ ಅವನು ತೇಯ್ದ ಚಾಳೀಸಿನ ಗಾಜೇ ಇರುವುದರಿಂದ ಅವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ, ಬಹುಶಃ ಅವನಿಗೂ ಇಲ್ಲ.

ಅವನು ಕಾರಿನಿಂದ ಇಳಿದ. ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮಾಮೂಲು ದಿನ ಅವನು ಕಾರು ನಿಲ್ಲಿಸಲು ಒದ್ದಾಡುವಾಗ ಎಲ್ಲ ಕಿಟಕಿಗಳಲ್ಲೂ ಒಂದೊಂದು ತಲೆ ಇರುತ್ತದೆ. ಇವತ್ತು ನೋಡಲು ಒಂದು ಬೆಕ್ಕು, ಅದೂ ಬೆನ್ನು ಹಾಕಿ ಕೂತಿತ್ತು.

"ಅತ್ತೇ! ಅತ್ತೇ, ಬೇಗ ಬನ್ನಿ!"

ಅವನ ಹೆಂಡತಿಯ ತಾಯಿ, ಎಪ್ಪತ್ತಾರರ ಮುದುಕಿ, ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ಓಡಿಬಂದಳು. "ಅಯ್ಯೋ ಅಳಿಯಂದ್ರೇ, ಯಾರಿಗೆ ಗುದ್ದಿದ್ರಿ?"

"ಗುದ್ದಿಲ್ಲ ಅತ್ತೆ. ನಿಲ್ಲಿಸಿದೀನಿ. ನೋಡಿ."

ಮುದುಕಿ ನೋಡಿದಳು. ಕಾರಿನ ಮುಂದೆ ಹೋದಳು, ಹಿಂದೆ ಬಂದಳು. ಬಗ್ಗಿ, ಚಕ್ರಕ್ಕೂ ಗೋಡೆಗೂ ನಡುವೆ ಬೆರಳು ಇಟ್ಟಳು. "ಮುಂದೆ ನಾಲ್ಕು ಬೆರಳು." ಹಿಂದಿನ ಚಕ್ರಕ್ಕೆ ಹೋಗಿ ಇಟ್ಟಳು. "ಹಿಂದೇನೂ ನಾಲ್ಕು ಬೆರಳು!" ಎದ್ದು ನಿಂತು ಮೂಗಿನ ಮೇಲೆ ಬೆರಳಿಟ್ಟಳು. "ನೀವೇ ನಿಲ್ಲಿಸಿದ್ರಾ?"

ಗದ್ದಲ ಕೇಳಿ ಟೈಲರ್ ಹೊರಗೆ ಬಂದ. ಕೊರಳಲ್ಲಿ ಟೇಪು ಇದ್ದೇ ಇತ್ತು, ಅಳೆದೇಬಿಟ್ಟ. ಕಂಬದಿಂದ ಇಷ್ಟು, ಮೆಟ್ಟಿಲಿನಿಂದ ಅಷ್ಟೇ. "ನೂಲಿನಷ್ಟೂ ವ್ಯತ್ಯಾಸ ಇಲ್ಲ ಚಾಳೀಸಣ್ಣ. ಮದುವೆ ಕೋಟಿಗೂ ನಾನು ಇಷ್ಟು ಸರಿಯಾಗಿ ಕತ್ತರಿ ಹಾಕಿಲ್ಲ."

ಚಾಳೀಸಣ್ಣ ಹಿಗ್ಗಿ ಹೀರೇಕಾಯಿಯಾದ. ಆದರೆ ಈ ಹಿಗ್ಗಿಗೆ ಇನ್ನೂ ಮುದ್ರೆ ಬಿದ್ದಿರಲಿಲ್ಲ. ಮುದ್ರೆ ಒತ್ತಬೇಕಾದವಳು ಬೇರೆ ಇದ್ದಳು.

ಅವನ ಹೆಂಡತಿ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ದೂರದೂರುಗಳಿಗೆ ಬಸ್ಸು ಓಡಿಸುತ್ತಾಳೆ. ಬೀದಿಗೆಲ್ಲ ಅವಳು ಡ್ರೈವರಮ್ಮ. ಡಿಪೋದಲ್ಲಿ ಎರಡು ಬಸ್ಸುಗಳ ನಡುವೆ ಮೂರನೆಯದನ್ನು ರಿವರ್ಸಿನಲ್ಲಿ ತೂರಿಸುವಾಗ ಅವಳು ಬಾಯಲ್ಲಿ ಏಲಕ್ಕಿ ಅಗಿಯುತ್ತ ಕಂಡಕ್ಟರ್ ಜೊತೆ ಹರಟುತ್ತಿರುತ್ತಾಳೆ. ಇಂಥವಳ ಗಂಡನಿಗೆ ಕಾರು ನಿಲ್ಲಿಸಲು ಬರುವುದಿಲ್ಲ. ಕಾರು ಕೊಂಡು ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷವೂ ಅವನು ಆ ಜಾಗದ ಮುಂದೆ ಮೂರು ಸಲ ಹೆಣಗಾಡುವುದನ್ನು ಅವಳು ಪಕ್ಕದ ಸೀಟಿನಲ್ಲಿ ತಾಳ್ಮೆಯಿಂದ ನೋಡುತ್ತಾಳೆ, ಆಮೇಲೆ ಒಂದೇ ಮಾತು ಹೇಳುತ್ತಾಳೆ: "ಇಳೀರಿ."

ಬೈದರೆ ತಿರುಗಿ ಬೈಯಬಹುದಿತ್ತು. ನಕ್ಕರೆ ಮುನಿಸಿಕೊಳ್ಳಬಹುದಿತ್ತು. ಅವಳ ದನಿಯಲ್ಲಿ ಎರಡೂ ಇರುವುದಿಲ್ಲ, ಕೊನೆಯ ಸ್ಟಾಪು ಬಂತು ಎಂದು ಪ್ರಯಾಣಿಕರಿಗೆ ಹೇಳುವ ದನಿ ಅದು. ಅವನು ಇಳಿಯುತ್ತಾನೆ, ಅವಳು ಹತ್ತುತ್ತಾಳೆ, ಕಾರು ಸೊಂಯ್ ಅಂತ ಒಳಗೆ. "ಹೇಗೆ ಮಾಡ್ತೀಯೇ?" ಎಂದು ಕೇಳಿದರೆ, "ಅದು ಕೈಗೇ ಗೊತ್ತಾಗತ್ತೆ ರೀ" ಅಂದುಬಿಡುತ್ತಾಳೆ. ಅವಳು ಊರಲ್ಲಿ ಇಲ್ಲದಾಗ ಅವನು ಕಾರನ್ನು ಬೀದಿ ಕೊನೆಯ ಮೈದಾನದಲ್ಲಿ ಬಿಟ್ಟು ನಡೆದು ಬರುತ್ತಾನೆ. ಮಂಗಳವಾರ ಆ ಮೈದಾನದ ಬಾಯಿಗೆ ಒಂದು ಲಾರಿ ಅಡ್ಡ ನಿಂತಿತ್ತು. ಅಷ್ಟೇ ಆದದ್ದು.

"ಫೋಟೋ ತೆಗೀಲಾ?" ಟೈಲರ್ ಕೇಳಿದ.

"ಫೋಟೋ ಬೇಡ. ಫೋಟೋ ತೋರಿಸಿದ್ರೆ, ಯಾರು ನಿಲ್ಲಿಸಿಕೊಟ್ರು ಅಂತ ಕೇಳ್ತಾಳೆ. ಅವಳು ಶುಕ್ರವಾರ ಮಧ್ಯಾಹ್ನ ಬರ್ತಾಳೆ. ಕಣ್ಣಾರೆ ನೋಡ್ಲಿ." ಚಾಳೀಸಣ್ಣ ಕೀಲಿಯನ್ನು ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ಹಾಕಿದ. "ಅಲ್ಲೀವರೆಗೆ ಈ ಕಾರು ಅಲ್ಲಾಡಲ್ಲ."

ಬುಧವಾರ ಅವನು ಕೆಲಸಕ್ಕೆ ನಡೆದುಕೊಂಡು ಹೋದ. ನಡೆದ ಅನ್ನುವುದು ಸುಳ್ಳು, ಕಾಲು ನೆಲಕ್ಕೆ ತಾಗಿದ್ದರೆ ತಾನೇ? ಕಣ್ಣು ಪರೀಕ್ಷೆಗೆ ಬಂದವರನ್ನೆಲ್ಲ ಹಿಡಿದು ಕೂರಿಸಿ, ಗಾಜಿನ ವಿಷಯದಿಂದ ಶುರುಮಾಡಿ ಕಾರಿನ ವಿಷಯಕ್ಕೆ ಬಂದು ಮುಟ್ಟಿದ. ದೂರದ್ದು ಕಾಣುವುದಿಲ್ಲ ಎಂದು ಬಂದ ಒಬ್ಬ ಗಿರಾಕಿಗೆ, "ನಮ್ಮ ಬೀದಿಗೆ ಬನ್ನಿ, ಒಂದು ನೋಟ ತೋರಿಸ್ತೀನಿ, ಅದು ಕಂಡ್ರೆ ನಿಮಗೆ ಕನ್ನಡಕವೇ ಬೇಡ" ಅಂದ. ಅಂಗಡಿಯ ಯಜಮಾನ ಕೆಮ್ಮಿದ.

ಗುರುವಾರ ಅತ್ತೆಗೆ ಹಲ್ಲಿನ ಡಾಕ್ಟರ ಹತ್ತಿರ ಹೊಸ ಹಲ್ಲಿನ ಸೆಟ್ಟು ಹಾಕಿಸುವುದಿತ್ತು. ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದು ಅಳಿಯ ಹದಿನೈದು ದಿನದ ಹಿಂದೆಯೇ ಮಾತು ಕೊಟ್ಟಿದ್ದ. ಈಗ ಕಾರಿನ ಮುಂದೆ ನಿಂತು ತಲೆ ಕೆರೆದುಕೊಂಡ.

"ಥೂ, ಅಂಥಾ ಕಾರು ತೆಗೆಯೋದುಂಟಾ?" ಅಂದಳು ಮುದುಕಿ. "ಬಸ್ಸಿದೆ, ನನಗೆ ಕಾಲಿವೆ. ಹಲ್ಲು ಇನ್ನೊಂದು ಜೊತೆ ಮಾಡಿಸಬಹುದು ಅಳಿಯಂದ್ರೇ, ಇದನ್ನ ಮಾಡಿಸಕ್ಕಾಗತ್ತಾ?"

ಡಾಕ್ಟರು ಬಾಯಿಗೆ ಕೈ ಹಾಕಿದಾಗಲೂ ಅವಳು ಎರಡು ಕೈಯ ನಾಲ್ಕು ನಾಲ್ಕು ಬೆರಳು ಎತ್ತಿ ತೋರಿಸಿ ಏನೋ ಹೇಳುತ್ತಲೇ ಇದ್ದಳು. ಡಾಕ್ಟರು ಎಂಟು ಹಲ್ಲು ನೋಯುತ್ತಿದೆ ಎಂದು ತಿಳಿದು ಗಾಬರಿಯಾದರು.

ಮನೆಗೆ ಬಂದವಳಿಗೆ ಹೊಸ ಚಿಂತೆ ಹತ್ತಿತು. ಬೀದಿಯವರು ಬಂದು ಬಂದು ನೋಡುತ್ತಿದ್ದಾರೆ, ಕೆಲವರು ಒರಗಿಯೂ ನಿಲ್ಲುತ್ತಾರೆ. ಕಾರು ಒಂದು ಬೆರಳು ಜರುಗಿದರೆ? ಟೈಲರನ ಹತ್ತಿರ ಬಟ್ಟೆ ಗುರುತು ಹಾಕುವ ಸೀಮೆಸುಣ್ಣ ಕೇಳಿ ಪಡೆದು, ಮಂಡಿಯೂರಿ, ನಾಲ್ಕೂ ಚಕ್ರಗಳ ಸುತ್ತ ಗೆರೆ ಎಳೆದಳು. "ಈಗ ಯಾರು ಜರುಗಿಸ್ತಾರೋ ಜರುಗಿಸಲಿ, ಗೆರೆ ಹೇಳತ್ತೆ" ಅಂದಳು. ಹೊಸ ಹಲ್ಲಿನಲ್ಲಿ ಆಡಿದ ಮೊದಲ ಎಚ್ಚರಿಕೆಯ ಮಾತು ಅದು.

ಸಂಜೆ ಹೆಂಡತಿಯ ಫೋನು ಬಂತು. "ಏನ್ರೀ, ದನಿ ಒಂಥರಾ ಇದೆ?"

"ಏನಿಲ್ವಲ್ಲ."

"ನಗ್ತಿದೀರಾ?"

"ನಾನ್ಯಾಕೆ ನಗ್ಲಿ?" ಎಂದು ಅವನು ಫೋನನ್ನು ಎದೆಗೆ ಒತ್ತಿಕೊಂಡು ನಕ್ಕ. ಹಿಂದೆ ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಒಳಚರಂಡಿ ರಿಪೇರಿಯವರು ಬಂದರು. ಟೈಲರನ ಬಚ್ಚಲಿನಿಂದ ರಾತ್ರಿಯೇ ನೀರು ಉಕ್ಕಿ ಅಂಗಡಿಯೊಳಗೆ ಬಂದಿತ್ತು, ಹೊಲಿಗೆ ಮೆಷಿನ್ನಿನ ಕಾಲು ಮುಳುಗಿತ್ತು. ಮೇಸ್ತ್ರಿ ಬೀದಿಯುದ್ದಕ್ಕೂ ಹೆಜ್ಜೆ ಹಾಕಿ ಲೆಕ್ಕ ಹಿಡಿದು ಬಂದು ಕಾರಿನ ಪಕ್ಕ ನಿಂತ. ಬಗ್ಗಿ ನೋಡಿದ. ಚರಂಡಿ ಗುಂಡಿಯ ಕಬ್ಬಿಣದ ಮುಚ್ಚಳ ಸರಿಯಾಗಿ ಕಾರಿನ ಹೊಟ್ಟೆಯ ಕೆಳಗಿತ್ತು.

"ಯಾರದ್ರೀ ಕಾರು? ತೆಗೀರಿ."

ಚಾಳೀಸಣ್ಣನ ಜೀವ ಬಾಯಿಗೆ ಬಂತು. "ಮೂರು ಗಂಟೆ ತಡೀರಿ. ಹನ್ನೆರಡಕ್ಕೆ ನನ್ನ ಹೆಂಡ್ತಿ ಬರ್ತಾಳೆ."

"ಅವರೇ ತೆಗೀಬೇಕಾ?"

"ಇಲ್ಲ, ನೋಡ್ಬೇಕು."

ಮೇಸ್ತ್ರಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಟೈಲರ್ ಪ್ಯಾಂಟು ಮಂಡಿಯವರೆಗೆ ಮಡಿಸಿ ಮೆಟ್ಟಿಲ ಮೇಲೆ ನಿಂತಿದ್ದ. ಪಾಪ, ಅವನು "ನನ್ನದೇನೂ ಪರವಾಗಿಲ್ಲ, ಇನ್ನು ಮೂರು ಗಂಟೆ ತಾನೇ" ಎಂದು ತೇಲುತ್ತಿದ್ದ ನೂಲಿನ ಉಂಡೆಯನ್ನು ಎತ್ತಿಕೊಂಡ. ಅದನ್ನು ನೋಡಿ ಚಾಳೀಸಣ್ಣ ಜೇಬಿನ ಗುಂಡಿ ಬಿಚ್ಚಿ ಕೀಲಿ ತೆಗೆದ.

ಕಾರು ಹೊರಬಂತು. ಎದುರುಗಡೆ ಅಡ್ಡಾದಿಡ್ಡಿಯಾಗಿ ನಿಂತಿತು. ಅತ್ತೆ ಮಾತ್ರ ಪೊರಕೆ ಹಿಡಿದು ಗೆರೆಗಳ ಕಾವಲಿಗೆ ನಿಂತಳು. "ಮುಚ್ಚಳ ತೆಗೀರಿ, ಒಳಗೆ ಇಳೀರಿ, ಏನಾದ್ರೂ ಮಾಡ್ಕೊಳ್ಳಿ. ಗೆರೆ ತುಳಿದ್ರೆ ನೋಡಿ ಮತ್ತೆ!" ದಾಂಡಿಗರಂಥ ಮೂರು ಜನ ಕೆಲಸಗಾರರು ಆ ಮುದುಕಿಗೆ ಹೆದರಿ ತುದಿಗಾಲಲ್ಲಿ ಗೆರೆ ದಾಟುತ್ತ ಕೆಲಸ ಮಾಡಿದರು.

ಹನ್ನೆರಡಕ್ಕೆ, ಮುಚ್ಚಳ ಹಾಕಿ ಅವರು ಕೈ ತೊಳೆಯುವ ಹೊತ್ತಿಗೆ, ಡ್ರೈವರಮ್ಮ ಹೆಗಲಿಗೆ ಚೀಲ ಹಾಕಿಕೊಂಡು ಬೀದಿಯ ತಿರುವಿನಲ್ಲಿ ಕಂಡಳು. ಮನೆ ಮುಂದೆ ಜನ, ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕೂತ ಗಂಡ, ಪೊರಕೆ ಹಿಡಿದ ತಾಯಿ. ಅವಳು ಓಡಿ ಬಂದಳು. "ಏನಾಯ್ತ್ರೀ?"

ಎಲ್ಲರೂ ಒಟ್ಟಿಗೆ ಹೇಳಿದರು. ಟೈಲರ್ ಟೇಪು ಹಿಡಿದು ಹೇಳಿದ, ತಾಯಿ ಪೊರಕೆ ಬೀಸಿ ಹೇಳಿದಳು, ಬೆಳಿಗ್ಗೆಯಿಂದ ಇದೇ ಕತೆ ಕೇಳಿದ್ದ ಮೇಸ್ತ್ರಿಯೂ ಸಾಕ್ಷಿ ಹೇಳಿದ. ಗಂಡನಿಗೆ ಅಳು ಬರುವಂತಿತ್ತು, ಕಾರಿನ ವಿಷಯಕ್ಕೆ ಅಳುವುದಾ ಎಂದು ನಾಚಿಕೆಯೂ ಆಗುತ್ತಿತ್ತು.

ಅವಳು ಚೀಲ ಇಳಿಸಿದಳು. ಗೆರೆಗಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು, ಮುಂದಿನ ಗೆರೆಗೂ ಗೋಡೆಗೂ ನಡುವೆ ಬೆರಳು ಇಟ್ಟಳು. ಹಿಂದಿನದಕ್ಕೆ ಹೋಗಿ ಇಟ್ಟಳು. ಮತ್ತೆ ಮುಂದಿನದಕ್ಕೆ ಬಂದಳು. ಒಂದು ಕಣ್ಣು ಮುಚ್ಚಿ ನಾಲ್ಕೂ ಗೆರೆಗಳನ್ನು ಸಾಲು ಹಿಡಿದು ನೋಡಿದಳು.

"ಒಂದೇ ಸಲಕ್ಕಾ?" ಎಂದು ಕೇಳಿದಳು.

"ಒಂದೇ ಸಲಕ್ಕೆ" ಅಂದ ಅವನು.

"ಕೀಲಿ ಕೊಡಿ."

ಅವಳು ಏಲಕ್ಕಿಯನ್ನು ಬಾಯಿಗೆ ಹಾಕಿಕೊಂಡು ಹತ್ತಿದಳು. ಕಾರು ಸೊಂಯ್ ಅಂತ ಒಳಗೆ ಬಂತು. ಯಾರು ನೋಡಿದರೂ ಭಲೇ ಅನ್ನಬೇಕು. ಆದರೆ ಮುದುಕಿ ಬಗ್ಗಿ ನೋಡಿ ತಲೆಯಾಡಿಸಿದಳು: ಹಿಂದಿನ ಚಕ್ರ ಗೆರೆಯಿಂದ ಗೇಣು ಆಚೆ. ಎರಡನೇ ಸಲ ಹಿಂದಿನದು ಸರಿಹೋಯಿತು, ಮುಂದೆ ಆರು ಬೆರಳು. "ಆರು!" ಎಂದು ಮುದುಕಿ ಕೂಗಿದಳು, ಮಗಳೆಂಬ ದಾಕ್ಷಿಣ್ಯವೂ ಇಲ್ಲದೆ. ಮೂರನೇ ಸಲಕ್ಕೆ ಡ್ರೈವರಮ್ಮ ಏಲಕ್ಕಿ ಉಗಿದಳು. ಪಟ್ಟು ಹಿಡಿದು, ತುಟಿ ಕಚ್ಚಿ, ಇಂಚಿಂಚಾಗಿ ಬಂದಳು. ಹಣೆಯಲ್ಲಿ ಬೆವರು ಕಿತ್ತುಬಂತು. ಈ ಸಲ ಕಾರು ಕಂಬಕ್ಕೆ ಮುತ್ತಿಡುವುದೊಂದು ಬಾಕಿ.

ಬೀದಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚಾಳೀಸಣ್ಣ ಮೆಟ್ಟಿಲಿನಿಂದ ಎದ್ದ. ನಿಧಾನವಾಗಿ ನಡೆದು ಬಂದು ಕಾರಿನ ಕಿಟಕಿಯ ಹತ್ತಿರ ಬಗ್ಗಿದ. ಒಂಬತ್ತು ವರ್ಷದ ಮಾತು ಗಂಟಲಿಗೆ ಬಂದು ನಿಂತಿತ್ತು. ಅವಳು ಅವನ ಮುಖ ನೋಡಿದಳು, ಅವಳಿಗೆ ಗೊತ್ತಾಗಿಹೋಯಿತು.

"ಹೇಳಿ ಪರವಾಗಿಲ್ಲ" ಅಂದಳು, ನಗು ತಡೆಯುತ್ತ.

"ಇಳಿ" ಅಂದ ಚಾಳೀಸಣ್ಣ.

ಅವಳು ಇಳಿದಳು. ಇಳಿದವಳು ಬಾನೆಟ್ಟಿಗೆ ಕೈ ಊರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನೂ ನಕ್ಕ. ಮುದುಕಿ ನಗಲು ಹೋಗಿ ಹೊಸ ಹಲ್ಲು ಜಾರಿ ಕೈಯಲ್ಲಿ ಹಿಡಿದುಕೊಂಡಳು. ನಗು ಇಳಿದ ಮೇಲೆ ಡ್ರೈವರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಕಾರನ್ನು ನೋಡಿ, ಗೆರೆಗಳನ್ನು ನೋಡಿ, ಗಂಡನ ಕಡೆ ತಿರುಗಿದಳು. ಈಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ನಿಜ ಹೇಳಿ. ಹೇಗೆ ಮಾಡಿದ್ರಿ?"

ಚಾಳೀಸಣ್ಣನಿಗೆ ಹೇಗೆ ಮಾಡಿದೆನೆಂದು ಕಿಂಚಿತ್ತೂ ಗೊತ್ತಿರಲಿಲ್ಲ. ಆ ಸಂಜೆ ಅವನು ಅಂಗಡಿಯ ಹಿಂಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದ, ಕಾರು ತನ್ನಷ್ಟಕ್ಕೆ ಬಂದು ಕೂತಿತ್ತು. ಆದರೆ ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವಳು ಎದುರಿಗೆ ನಿಂತು ಕೇಳುತ್ತಿದ್ದಾಳೆ. ಚಿಲಕದ ವಿಷಯ ಹೇಳುವಷ್ಟು ಪೆದ್ದ ಅವನಲ್ಲ.

"ನೋಡು," ಎಂದು ಕನ್ನಡಕ ಸರಿಮಾಡಿಕೊಂಡ, "ಮೊದಲು ಮನಸ್ಸು ತಿಳಿಯಾಗಿರಬೇಕು." ಅಲ್ಲಿಂದ ಶುರುವಾದದ್ದು ಇಪ್ಪತ್ತು ನಿಮಿಷ ನಡೆಯಿತು. ಕನ್ನಡಿ ಬಂತು, ಕೋನ ಬಂತು, ಗಾಜು ತೇಯುವಾಗ ಉಸಿರು ಹಿಡಿಯುವ ಕ್ರಮ ಬಂತು. ಟೈಲರ್ ಒಣಗಿದ ಸ್ಟೂಲು ತಂದು ಕೂತ. ಮೇಸ್ತ್ರಿ ಹೊರಟವನು ನಿಂತ. ಡ್ರೈವರಮ್ಮ ಕೈ ಹಿಂದೆ ಕಟ್ಟಿಕೊಂಡು, ನಡುವೆ ಒಮ್ಮೆಯೂ ಬಾಯಿ ಹಾಕದೆ, ತಲೆದೂಗುತ್ತ ಕೇಳಿದಳು.

"ಅದೆಲ್ಲಾ ಸರಿ, ಸ್ಟಿಯರಿಂಗ್ ಯಾವಾಗ ತಿರುಗಿಸಬೇಕು ಅಂತ ಹೇಗೆ ಗೊತ್ತಾಗತ್ತೆ?" ಎಂದಳು ಕೊನೆಗೆ.

ಚಾಳೀಸಣ್ಣನ ಮುಖ ಊರಗಲವಾಯಿತು.

"ಅದು ಕೈಗೇ ಗೊತ್ತಾಗತ್ತೆ ಕಣೇ" ಅಂದ. ಚೀಲವನ್ನು ಎತ್ತಿಕೊಂಡು ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋದ. ಕಾರು ಕಂಬದ ಪಕ್ಕ ಸೊಟ್ಟಗೆ ನಿಂತೇ ಇತ್ತು.