ಎರಡು ಹೆಜ್ಜೆ ದೂರದ ಶಾಲೆ

ನಮ್ಮಜ್ಜಿಯ ಲೆಕ್ಕದಲ್ಲಿ ಲೋಕದ ಯಾವ ಜಾಗವೂ ದೂರವಿಲ್ಲ. ಏಳು ಸಮುದ್ರದಾಚೆಯ ರಾಜಕುಮಾರಿಯ ಮನೆ ಕೂಡ "ಇಲ್ಲೇ, ಎರಡು ಹೆಜ್ಜೆ." ಮಕ್ಕಳೆದುರು ದೂರ ಎಂದರೆ ಅವರ ಕಾಲುಗಳು ಅದನ್ನು ಕೇಳಿಸಿಕೊಂಡು ಸೋತುಬಿಡುತ್ತವಂತೆ. ನನ್ನನ್ನು ಹಾಗೆಯೇ ಕಥೆ ಹೇಳುತ್ತ ಶಾಲೆಗೆ ನಡೆಸಿದಳು. ಈಗ ಅಕ್ಕನ ಮಗಳು ಚಿನಕುರಳಿಯ ಸರದಿ.

ಈ ವರ್ಷ ಅಜ್ಜಿಯ ಮಂಡಿ ಕೈಕೊಟ್ಟಿತು. ದಿನಾ ನಡೆಯಕೂಡದು ಎಂದರು ಡಾಕ್ಟರು. ಅಕ್ಕ ನರ್ಸು, ಆರು ಗಂಟೆಗೇ ಡ್ಯೂಟಿ. ಏಳಕ್ಕೆ ನಾನು ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿರಬೇಕು. ಹಾಗಾಗಿ ಸರ್ಕಾರದ ಶಾಲಾ ಬಸ್ಸಿಗೆ ಅರ್ಜಿ ಹಾಕಿದೆವು. ನಡೆಯುವ ದಾರಿ ಎರಡು ಕಿಲೋಮೀಟರು ಮೀರಿದರೆ ಸೀಟು ಮಗುವಿನ ಹಕ್ಕು. ಮೀರದಿದ್ದರೆ, ಎಲ್ಲರೂ ಕೂತ ಮೇಲೆ ಉಳಿದ ಸೀಟಿಗೆ ಕಾಯಬೇಕು.

ವಿಚಾರಣೆಗೆ ಗುಮಾಸ್ತರು ಬಂದ ದಿನ ಮನೆಯಲ್ಲಿದ್ದದ್ದು ಅಜ್ಜಿ ಮತ್ತು ಅವಳ ಬೆನ್ನಿಗೆ ಅಂಟಿಕೊಂಡ ಚಿನಕುರಳಿ.

"ಶಾಲೆ ಎಷ್ಟು ದೂರ ಆಗುತ್ತಮ್ಮ?"

"ದೂರ ಎಲ್ಲಿ ಬಂತಪ್ಪ? ಇಲ್ಲೇ, ಎರಡು ಹೆಜ್ಜೆ."

ವಾರದಲ್ಲಿ ಕಾಗದ ಬಂತು: ಅರ್ಹತೆ ಇಲ್ಲ.

ಅರ್ಧ ದಿನ ರಜೆ ಹಾಕಿ ಕಚೇರಿಗೆ ಹೋದೆ. ಅಜ್ಜಿಯೂ ಮಗುವನ್ನು ಕಟ್ಟಿಕೊಂಡು ಹೊರಟಳು. ಕಿಟಕಿಯಾಚೆ ಅದೇ ಗುಮಾಸ್ತರು, ಮಣಿಕಟ್ಟಿಗೆ ನಾಲ್ಕು ರಬ್ಬರ್ ಬ್ಯಾಂಡು ಹಾಕಿಕೊಂಡು ಕೂತಿದ್ದರು.

"ನಿಮ್ಮಜ್ಜಿಯೇ ಹೇಳಿದ್ರಲ್ಲ. ನಕ್ಷೆಯಲ್ಲೂ ಒಂದು ಪಾಯಿಂಟ್ ಎಂಟೇ ಇದೆ."

"ನಕ್ಷೆ ಮರದ ಡಿಪೋ ಒಳಗೆ ಹಾದುಹೋಗುತ್ತೆ ಸರ್. ಅಲ್ಲಿ ಗೋಡೆ ಎದ್ದು ಎರಡು ವರ್ಷ ಆಯ್ತು."

ಅವರು ಪಟ್ಟಿ ತಿರುವಿದರು. ಮೂವತ್ತೆರಡು ಸೀಟು, ಮೂವತ್ತೊಂದು ತುಂಬಿತ್ತು. ಉಳಿದ ಒಂದಕ್ಕೆ ಹತ್ತಿರದ ಮೂರು ಮಕ್ಕಳು ಕಾದಿದ್ದರು. "ನಾಳೆ ಹಂಚಿಬಿಡ್ತೀವಮ್ಮ. ನಿಮ್ಮದು ಎರಡು ದಾಟಿದರೆ ಸೀಟು ನಿಮ್ಮದೇ. ದಾಟದಿದ್ದರೆ ನೀವು ನಾಲ್ಕನೆಯವರು."

"ಹಾಗಾದ್ರೆ ಅಳೀರಿ. ದಾರಿ ನಾನು ತೋರಿಸ್ತೀನಿ," ಎಂದಳು ಅಜ್ಜಿ.

"ಅಜ್ಜಿ, ನಿನ್ನ ಮಂಡಿ..."

"ಡಾಕ್ಟರು ದಿನಾ ಬೇಡ ಅಂದಿದ್ದು. ಇವತ್ತು ಬೇಡ ಅಂದಿದ್ರಾ? ನೀನು ಸುಮ್ನಿರು."

ಮನೆ ಬಾಗಿಲಿನಿಂದ ಮೆರವಣಿಗೆ ಹೊರಟಿತು. ಮುಂದೆ ಉದ್ದ ಕೋಲಿನ ಅಳತೆ ಚಕ್ರ ಉರುಳಿಸುತ್ತ ಗುಮಾಸ್ತರು, ಹಿಂದೆ ನನ್ನ ತೋಳು ಹಿಡಿದ ಅಜ್ಜಿ. ಡಿಪೋದ ಗೋಡೆಗೆ ಬಂದಾಗ ಗುಮಾಸ್ತರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು, ನಿಜವೋ ಸುಳ್ಳೋ ಎಂಬಂತೆ. ನಂತರ ಚಕ್ರವನ್ನು ಎಡಕ್ಕೆ ತಿರುಗಿಸಿದರು.

"ಅಜ್ಜೀ, ಇನ್ನೂ ಎಷ್ಟು ದೂರ?" ಎಂದಳು ಚಿನಕುರಳಿ.

ಅಜ್ಜಿ ಗುಮಾಸ್ತರ ಬೆನ್ನನ್ನೊಮ್ಮೆ ನೋಡಿದಳು, ಮಗುವನ್ನೊಮ್ಮೆ ನೋಡಿದಳು. "ಮೀನು ನುಂಗಿದ ರಾಜ ಎಲ್ಲಿದ್ದ, ಹೇಳು?"

"ಹೊಟ್ಟೆಯೊಳಗೆ ದೀಪ ಹಚ್ತಿದ್ದ."

ಕಥೆ ಮುಂದುವರಿಯಿತು. ಗುಮಾಸ್ತರ ಚಕ್ರ ನಿಧಾನವಾಯಿತು. "ಬೆಂಕಿಪೊಟ್ಟಣ ಎಲ್ಲಿತ್ತಮ್ಮ ಅವನ ಹತ್ರ?" ಎಂದು ತಿರುಗದೆಯೇ ಕೇಳಿದರು.

"ಮೀನು ಮೊದಲೇ ಒಬ್ಬ ಅಡುಗೆಯವನನ್ನ ನುಂಗಿತ್ತಲ್ಲಪ್ಪ. ನೀನು ಅಳತೆ ನೋಡು."

ಶಾಲೆಯ ಗೇಟಿನೆದುರು ಚಕ್ರ ನಿಂತಿತು. ಗುಮಾಸ್ತರು ಕನ್ನಡಕ ಮೇಲೇರಿಸಿ ಅಂಕಿ ನೋಡಿದರು, ನನಗೂ ತೋರಿಸಿದರು. ಎರಡು ಕಿಲೋಮೀಟರು, ಮುನ್ನೂರ ನಲವತ್ತು ಮೀಟರು. ನಾನು ಅಜ್ಜಿಯ ಕೈ ಅದುಮಿದೆ. ಅವರು ಬ್ಯಾಗಿನಿಂದ ಹಾಳೆ ತೆಗೆದು ತುಂಬಿಸಿ, ಗೇಟಿನ ಕಂಬಕ್ಕೆ ಒತ್ತಿ ಹಿಡಿದರು. "ಇಲ್ಲೊಂದು ಸಹಿ ಹಾಕಿ. 'ಶಾಲೆ ನಮ್ಮ ಮನೆಯಿಂದ ದೂರವಿದೆ' ಅಂತ..."

"ಮೆಲ್ಲಗೆ," ಎಂದಳು ಅಜ್ಜಿ.

ಅವರು ಅರ್ಧಕ್ಕೇ ನಿಲ್ಲಿಸಿದರು.

"ಬಸ್ಸು ಬರದ ದಿನ ಇವಳು ನಡೀಬೇಕಲ್ಲಪ್ಪ."

ಗುಮಾಸ್ತರು ಚಿನಕುರಳಿಯ ಕಡೆ ನೋಡಿದರು. ಅವಳು ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅಂಕಿಗಳನ್ನು ಕೂಡಿಸಿ ಓದಲು ಹೆಣಗುತ್ತಿದ್ದಳು. ಅವರು ಬಗ್ಗಿ, ಸಹಜವೆಂಬಂತೆ, ಅಂಕಿ ಕಾಣುವ ಆ ಪುಟ್ಟ ಕಿಟಕಿಯನ್ನು ಅಂಗೈಯಿಂದ ಮುಚ್ಚಿದರು.

"ಹಾಕಿಬಿಡಿ ಅಜ್ಜಿ," ಎಂದರು ಪಿಸುಮಾತಿನಲ್ಲಿ. "ಸೋಮವಾರ ಎಂಟೂ ಹತ್ತಕ್ಕೆ ಬಸ್ಸು ಬರುತ್ತೆ."