ತೊಟ್ಟಿಕ್ಕದ ಗವಿ

ಬಾಟಲಿಯಲ್ಲಿರುವುದು ಗವಿಯ ನೀರಲ್ಲ ಎಂದು ಮೆರಿದಾ ನಗರದ ಪ್ರಯೋಗಾಲಯದಿಂದ ಫೋನು ಬಂದಾಗಿನಿಂದ ಲಿಹಿಯಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹೋಲಿಸಿ ನೋಡಲೆಂದು ಅವಳೇ ಕಳಿಸಿದ್ದ ಊರ ಟ್ಯಾಂಕಿನ ನೀರಿಗೂ ಈ ತಿಂಗಳ ಬಾಟಲಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲವಂತೆ.

ಗವಿಯ ಸೂರಿನಿಂದ ಬೀಳುವ ಹನಿ ಕೆಳಗೆ ಚೂರು ಸುಣ್ಣ ಬಿಟ್ಟು ಹೋಗುತ್ತದೆ. ಅದೇ ಪದರ ಪದರವಾಗಿ ಬೆಳೆದು ಕಲ್ಲುಗಂಬವಾಗುತ್ತದೆ. ಇಂದಿನ ಹನಿಯ ಗುಣ ತಿಳಿದರೆ ಆ ಕಂಬದಲ್ಲಿ ಸಾವಿರಾರು ವರ್ಷದ ಹಿಂದಿನ ಮಳೆಯನ್ನು ಓದಬಹುದು. ಲಿಹಿಯಾಳ ಸಂಶೋಧನೆಯೆಲ್ಲ ನಿಂತಿದ್ದು ಇದರ ಮೇಲೆ. ಆದರೆ ಚಾಕ್ ದೇವರ ಮಳೆಪೂಜೆಗೆ ನೀರು ತರುವ ಆ ಗವಿಗೆ ಹೆಂಗಸರು ಕಾಲಿಡುವಂತಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಬಾಟಲಿ ಇಟ್ಟು ತರುವ ಕೆಲಸ ಪೂಜಾರಿಯಾದ ಸೋದರಮಾವ ಸಿಪ್ರಿಯಾನೊನದು. ಮಾವನ ಕೈ ತನ್ನ ಕೈಗಿಂತ ಚೊಕ್ಕ ಎಂದು ಪ್ರೊಫೆಸರ ಮುಂದೆ ಜಂಬ ಕೊಚ್ಚಿದ್ದಳು ಮಹಾರಾಯಿತಿ.

ಅವಳು ಊರಿಗೆ ಬಂದಾಗ ಮಾವ ಹಿತ್ತಿಲಲ್ಲಿ ಕೂತು ನಾಳೆಯ ಪೂಜೆಗೆ ನೀರು ತುಂಬಿಟ್ಟ ಸೋರೆಬುರುಡೆಗಳಿಗೆ ಹಗ್ಗ ಕಟ್ಟುತ್ತಿದ್ದ.

"ಮಾವ, ಬಾಟಲಿಗೆ ಟ್ಯಾಂಕಿನ ನೀರು ಹಾಕಿದ್ಯಾ?"

"ಯಾರಂದ್ರು?"

"ನೀರೇ ಹೇಳ್ತು."

"ಚಾಡಿಕೋರ ನೀರು," ಎಂದು ಮಾವ ನಗಲು ನೋಡಿದ. ನಗು ಬರಲಿಲ್ಲ. "ಹನಿ ನಿಂತೋಗಿದೆ ಕಣವ್ವ. ನಾನು ಕಂಡಂಗೆ ಯಾವತ್ತೂ ನಿಂತಿರಲಿಲ್ಲ. ಅಷ್ಟು ದೂರದಿಂದ ಬಸ್ಸಲ್ಲಿ ಬರ್ತೀಯ, ಮನೆಮಗಳನ್ನ ಬರಿಗೈಲಿ ಹೆಂಗೆ ಕಳಿಸ್ಲಿ?"

ಲಿಹಿಯಾಗೆ ಸಿಟ್ಟು ನೆತ್ತಿಗೇರಿತು. "ಖಾಲಿ ಬಾಟಲಿನೇ ಬೇಕಿತ್ತು ನಂಗೆ. ಮಳೆ ಇಲ್ಲ ಅಂತ ಅದು ಹೇಳ್ಬೇಕಿತ್ತು. ನೀನು ನೀರು ಸುರಿದು ಅದರ ಬಾಯಿ ಮುಚ್ಚಿಸ್ಬಿಟ್ಟೆ."

ಹೇಳುತ್ತ ಹೇಳುತ್ತ ಅವಳ ಕಣ್ಣು ಬುರುಡೆಗಳ ಮೇಲೆ ಬಿತ್ತು. ಹನಿ ನಿಂತಿದ್ದರೆ ಇವು ತುಂಬಿದ್ದು ಹೇಗೆ? ಮಾವ ಹಾಕಿದ ಗಂಟನ್ನೇ ಬಿಚ್ಚಿ ಮತ್ತೆ ಹಾಕಿದ.

"ಇದೂನಾ, ಮಾವ?"

"ಮೆಲ್ಲಗೆ ಮಾತಾಡು. ಮೆಕ್ಕೆಜೋಳ ಸುಟ್ಟೋಗ್ತಿದೆ. ಗವಿನೂ ಬತ್ತಿದೆ ಅಂದ್ರೆ ಗಂಡಸರೆಲ್ಲ ಕೂಲಿ ಹುಡ್ಕಂಡು ಕಾನ್‌ಕೂನ್ ಬಸ್ ಹತ್ತಾರೆ. ಪೂಜೆಗೆ ಯಾರಿರ್ತಾರೆ? ನನ್ನನ್ಯಾರು ಪೂಜಾರಿ ಅಂತಾರೆ?" ಅವನು ತಲೆಯೆತ್ತಿದ. "ಹೇಳ್ತೀಯಾ ನೀನು?"

ಅವಳಿಗೆ ಅವನ ಮೇಲೆ ಕೋಪವೂ ಹೋಗಿರಲಿಲ್ಲ, ಕರುಳೂ ಚುರುಕ್ ಎನ್ನುತ್ತಿತ್ತು. "ನನ್ನ ಲೆಕ್ಕದಲ್ಲಿ ಈ ತಿಂಗಳು ಸೊನ್ನೆ ಅಂತ ಬರೀತೀನಿ. ನಿನ್ನ ದೇವರ ಹತ್ರ ಏನು ಹೇಳ್ತೀಯೋ ನಿಂಗೇ ಬಿಟ್ಟಿದ್ದು," ಎಂದು ಎದ್ದು ಬಂದಳು.

ಮರುದಿನ ಬೆಳಗಾಗುವ ಮೊದಲೇ ಮಾವ ಬುರುಡೆಗಳನ್ನು ಹೆಗಲಿಗೇರಿಸಿಕೊಂಡು ಹೊರಟುಹೋಗಿದ್ದ. ಹಿತ್ತಿಲ ನಿಂಬೆಗಿಡದ ಬುಡ ಒದ್ದೆಯಾಗಿತ್ತು. ಲಿಹಿಯಾ ಅದನ್ನು ನೋಡಿ ಚಪ್ಪಲಿ ಮೆಟ್ಟಿಕೊಂಡು ಹೊಲದತ್ತ ಓಡಿದಳು.

ಹೆಂಗಸರು ದೂರದ ಮರದಡಿ ರೊಟ್ಟಿಯ ಹಿಟ್ಟು ತಟ್ಟುತ್ತಿದ್ದರು. ಅವಳೂ ಅಲ್ಲೇ ನಿಂತಳು. ಹಸಿರು ಕೊಂಬೆ ಬಾಗಿಸಿ ಕಟ್ಟಿದ ಪೂಜಾಪೀಠಕ್ಕೆ ಮಾವ ಬುರುಡೆಗಳನ್ನು ತೂಗುಹಾಕಿ, ಗಂಡಸರ ಕಡೆ ತಿರುಗಿ ಏನೋ ಹೇಳಿದ. ಇಲ್ಲಿಗೆ ಕೇಳಿಸಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಟೋಪಿ ತೆಗೆದ. ಯಾರೂ ಎದ್ದು ಹೋಗಲಿಲ್ಲ.

"ಅದ್ಯಾಕೆ ಬುರುಡೆ ಹಂಗೆ ಅಲ್ಲಾಡ್ತವೆ? ನೀರಿರೋವು ಹಂಗಾಡಲ್ಲ," ಎಂದಳು ಪಕ್ಕದಲ್ಲಿ ಹಿಟ್ಟು ತಟ್ಟುತ್ತಿದ್ದ ಬೆರ್ತಾ ಅತ್ತೆ.

ಲಿಹಿಯಾ ಒಂದು ಹಿಟ್ಟಿನುಂಡೆ ಕೈಗೆತ್ತಿಕೊಂಡಳು. ಪೀಠದ ಕೆಳಗೆ ಕೂತ ಮಕ್ಕಳು ಪದ್ಧತಿಯಂತೆ ಕಪ್ಪೆಗಳ ಹಾಗೆ ವಟಗುಟ್ಟತೊಡಗಿದರು. ಮೇಲೆ ಒಣಗಾಳಿಗೆ ಬುರುಡೆಗಳು ಒಂದಕ್ಕೊಂದು ತಾಗಿ ಟೊಕ್ ಟೊಕ್ ಎನ್ನುತ್ತಿದ್ದವು.