ಕಡಲೆಬೀಜದ ಪೊಟ್ಟಣದಲ್ಲಿ ಹೋದ ರಷ್ಯನ್

ಒಂದು ಕಾಲದಲ್ಲಿ ಇಡೀ ಕ್ಯೂಬಾದಲ್ಲಿ ನನ್ನಷ್ಟು ಚೆನ್ನಾಗಿ ರಷ್ಯನ್ ಮಾತಾಡುವವರು ಇರಲಿಲ್ಲ. ಕ್ಯೂಬಾ ಯಾಕೆ, ರಷ್ಯಾದಲ್ಲೇ ಇರಲಿಲ್ಲ. ಆಗಿನ ಸೋವಿಯತ್ ದೇಶದ ಒಡೆಸ್ಸಾದಲ್ಲಿ ಐದು ವರ್ಷ ಸಕ್ಕರೆ ಯಂತ್ರಗಳ ಇಂಜಿನಿಯರಿಂಗ್ ಓದುವಾಗ ನಾನು ಬಾಯಿ ತೆರೆದರೆ ಟ್ರಾಮ್ ನಿಲ್ಲುತ್ತಿತ್ತು. ಮೇಷ್ಟ್ರು ತಮ್ಮ ಪ್ರೇಮಪತ್ರಗಳನ್ನು ನನ್ನಿಂದ ತಿದ್ದಿಸಿಕೊಳ್ಳುತ್ತಿದ್ದರು. ಇಂಥ ನನ್ನನ್ನು, ನಿವಾಲ್ದೊ ಎಚೆವರ್ರಿಯನನ್ನು, ಮೊನ್ನೆ ವರದೇರೊ ಕಡಲತೀರದ ಹೋಟೆಲಿನಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಹುಡುಗಿಯೊಬ್ಬಳು ಫೇಲ್ ಮಾಡಿದಳು!

ನನ್ನ ರಷ್ಯನ್ ಎಲ್ಲಿ ಹೋಯಿತು ಎಂದು ಕೇಳುತ್ತೀರಾ? ನಮ್ಮ ಕಾರ್ದೆನಾಸ್ ಊರಿನವರು ತಿಂದರು.

ತೊಂಬತ್ತೊಂದರ ಕೊನೆಗೆ ಸೋವಿಯತ್ ದೇಶವೇ ಮಾಯವಾಗಿ, ಅಲ್ಲಿಂದ ಬರುತ್ತಿದ್ದ ಎಣ್ಣೆ, ಗೋಧಿ ಎಲ್ಲ ನಿಂತಿತು. ನಾನು ಕೆಲಸಕ್ಕಿದ್ದ ಸಕ್ಕರೆ ಕಾರ್ಖಾನೆಯ ದೊಡ್ಡವರು ನಮ್ಮನ್ನು ಕರೆದು, "ರಷ್ಯನ್ ಕಥೆ ಮುಗೀತು. ಇನ್ಮೇಲೆ ಇಂಗ್ಲಿಷ್ ಕಲೀರಿ" ಎಂದರು. ಆಗ ಹಸಿವು ಎಂದರೆ ಎಂಥದ್ದು! ನಮ್ಮ ಬೀದಿಯ ಬೆಕ್ಕುಗಳು ರಾತ್ರೋರಾತ್ರಿ ಊರು ಬಿಟ್ಟವು. ನನ್ನ ಹೆಂಡತಿ ಮಿಗ್ದಾಲಿಯಾ ಕಡಲೆಬೀಜ ಹುರಿದು ಮಾರಲು ಹೊರಟಳು. ಪೊಟ್ಟಣ ಕಟ್ಟಲು ಮಾತ್ರ ದ್ವೀಪದಲ್ಲೆಲ್ಲೂ ಕಾಗದವಿಲ್ಲ.

"ನಿನ್ನ ಆ ದಪ್ಪ ಡಿಕ್ಷನರಿ ಇದ್ಯಲ್ಲ" ಎಂದಳು.

"ಅದು ನನ್ನ ಮೆದುಳು ಕಣೇ!"

"ಹೌದಾ ಇಂಜಿನಿಯರ್ ಸಾಹೇಬ್ರೇ? ಅದನ್ನ ಬೇಯಿಸಿ ಮಕ್ಕಳಿಗೆ ಹಾಕ್ಲಾ?"

ಹರಿದೆ. ಡಿಕ್ಷನರಿ, ಪಠ್ಯಪುಸ್ತಕ, ನನ್ನ ನೋಟ್ಸು, ಕೊನೆಗೆ ನನ್ನ ಪದವಿ ಪತ್ರವೂ ಹೋಯಿತು. ಅದು ಗಟ್ಟಿ ಕಾಗದ, ನಾಲ್ಕು ಪೊಟ್ಟಣವಾಯಿತು. ಮುಂದೆ ಕಾರ್ಖಾನೆಯೂ ಮುಚ್ಚಿತು. ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತು ನಾನೂ ಕಡಲೆಬೀಜ ಮಾರಿದೆ. ಈಗ ನನ್ನ ಮೊಣಕಾಲುಗಳು ಎಷ್ಟು ಜೋರಾಗಿ ಕಿರುಗುಟ್ಟುತ್ತವೆಂದರೆ ಬಂದರಿನ ಹಡಗುಗಳು ಹೆದರುತ್ತವೆ.

ಅಷ್ಟರಲ್ಲಿ ರಷ್ಯನ್ ಪ್ರವಾಸಿಗರು ಹಿಂಡುಹಿಂಡಾಗಿ ಬರತೊಡಗಿದರು. ಸ್ವಾಗತದ ಮೇಜಿಗೆ ರಷ್ಯನ್ ಬಲ್ಲವರು ಬೇಕೆಂದು ಹೋಟೆಲಿನವರು ಚೀಟಿ ಅಂಟಿಸಿದರು. ನೆರಳು, ಸಂಬಳ, ಬೆನ್ನಿರುವ ಕುರ್ಚಿ! ಅರವತ್ತೊಂದರ ವಯಸ್ಸಿನಲ್ಲಿ ಇನ್ನೊಂದು ಅವಕಾಶ ನನಗೆ ಯಾರು ಕೊಡುತ್ತಾರೆ? ಮಿಗ್ದಾಲಿಯಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದೆ.

ಪರೀಕ್ಷೆ ಮಾಡುವವಳು ಯುಸ್ಲೆಯ್ದಿಸ್ ಎಂಬ ಹುಡುಗಿ. "ಮಾವ, ನಾನು ಟೂರಿಸ್ಟ್ ಅನ್ಕೊಳ್ಳಿ. ನನ್ನ ರೂಮಲ್ಲಿ ಬಿಸಿನೀರು ಬರ್ತಿಲ್ಲ. ರಷ್ಯನ್‌ನಲ್ಲಿ ಸಮಾಧಾನ ಹೇಳಿ ನೋಡೋಣ."

ತಲೆಯೊಳಗೆ ಹುಡುಕಿದೆ. 'ನೀರು' ಪೊಟ್ಟಣದಲ್ಲಿ ಹೋಗಿತ್ತು. 'ಬಿಸಿ' ಅದಕ್ಕೂ ಮೊದಲೇ ಹೋಗಿತ್ತು. ಉಳಿದಿದ್ದು ಒಂದೇ: ಸೋವಿಯತ್ ನಿಯೋಗ ಬಂದಾಗಲೆಲ್ಲ ಕಾರ್ಖಾನೆಯ ಬಾಗಿಲಲ್ಲಿ ನಾನು ಮಾಡುತ್ತಿದ್ದ ಭಾಷಣ. ಎದ್ದು ನಿಂತು ಕೈ ಎತ್ತಿ ರಷ್ಯನ್‌ನಲ್ಲಿ ಗುಡುಗಿದೆ: "ಪ್ರೀತಿಯ ಸೋವಿಯತ್ ಕಾಮ್ರೇಡರೇ! ಈ ವರ್ಷ ನಾವು ಗುರಿಯ ಶೇಕಡಾ ನೂರಾ ಹನ್ನೆರಡರಷ್ಟು ಸಕ್ಕರೆ ತೆಗೆದಿದ್ದೇವೆ! ನಮ್ಮ ಸ್ನೇಹ ಚಿರಾಯುವಾಗಲಿ!"

ಮೂರು ಮಹಡಿಗಳ ಕಿಟಕಿಗಳು ಅದುರಿದವು. ಹುಡುಗಿ ನಕ್ಕ ನಗುವಿಗೆ ಅವಳ ಕಣ್ಣಿನ ಕಪ್ಪು ಕೆನ್ನೆಗಿಳಿಯಿತು. "ಅಯ್ಯೋ ತಾತ, ಆ ದೇಶಾನೇ ಈಗಿಲ್ಲ!"

ಮಾವನಾಗಿದ್ದವನು ಒಂದೇ ಏಟಿಗೆ ತಾತನಾದೆ. ಮೈ ಉರಿಯಿತು.

"ಕಲಿ ಅಂದ್ರಿ, ಕಲ್ತೆ. ಬಿಡು ಅಂದ್ರಿ, ಬಿಟ್ಟೆ. ಈಗ ಎಲ್ಲಿ ತೋರ್ಸು ಅಂತ ಕೇಳ್ತೀರಾ? ಮರೆತಿದ್ದು ನನ್ನ ತಪ್ಪಾ? ನಿಮ್ಮಪ್ಪನೇ ತಿಂದಿದಾನೆ ನನ್ನ ಡಿಕ್ಷನರೀಲಿ ಕಟ್ಟಿದ ಕಡಲೆಬೀಜ, ಹೋಗಿ ಅವನನ್ನ ಕೇಳು!"

ಗಲಾಟೆಗೆ ಮ್ಯಾನೇಜರ್ ಓಡಿಬಂದ. ನನ್ನ ರಷ್ಯನ್ ಭಾಷಣ ಅವನಿಗೆ ಬಹಳ ಹಿಡಿಸಿತ್ತು. "ಅಣ್ಣಾ, ಮೇಜಿನ ಕೆಲಸ ನಿಮ್ಮ ಕೈಲಾಗಲ್ಲ. ದಿನಾ ಈಜುಕೊಳದ ಹತ್ರ ಇದನ್ನೇ ಕೂಗ್ತೀರಾ? ಕೆಂಪು ಟೋಪಿ ನಾವೇ ಕೊಡ್ತೀವಿ. ಜನ ನಕ್ಕು ಏನಾದ್ರೂ ಕೊಡ್ತಾರೆ."

"ನಾನು ಇಂಜಿನಿಯರ್ ಕಣಯ್ಯಾ, ಸರ್ಕಸ್ ಕೋತಿ ಅಲ್ಲ!" ಎಂದು ಬಾಗಿಲು ಬಡಿದು ಬಂದೆ. ಆ ಬಾಗಿಲು ಇನ್ನೂ ರಿಪೇರಿಯಾಗಿಲ್ಲವಂತೆ.

ಮನೆಯಲ್ಲಿ ಎಲ್ಲ ಹೇಳಿದೆ. ಜೀವನದಲ್ಲಿ ಮೊದಲ ಸಲ ಮಿಗ್ದಾಲಿಯಾ ಚುಚ್ಚಲಿಲ್ಲ. ಬಾಣಲೆ ಒಲೆಗಿಟ್ಟು, "ಹರಿಯೋಕೆ ಹೇಳಿದ್ದು ನಾನೇ ಅಲ್ವಾ? ಕಡಲೆಬೀಜ ಕೊಟ್ಟೇ ನಿನ್ನ ರಷ್ಯನ್ನ ವಾಪಸ್ ತರೋಣ" ಎಂದಳು. ಆ ಉಪಾಯ ನನ್ನದೇ. ಅವಳು ಬಾಯಿಗೆ ತಂದಳಷ್ಟೆ.

ಈಗ ಅದೇ ಹೋಟೆಲಿನ ಗೇಟಿನ ಹೊರಗೆ ನಿಲ್ಲುತ್ತೇನೆ. ರಷ್ಯನ್ನರ ಕಾಸು ಮುಟ್ಟುವುದಿಲ್ಲ. ಒಂದು ಪೊಟ್ಟಣಕ್ಕೆ ಒಂದು ರಷ್ಯನ್ ಮಾತು. ನಲ್ಲಿ ತೋರಿಸುತ್ತೇನೆ, ಟವೆಲ್ ತೋರಿಸುತ್ತೇನೆ, ಅವರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಸರಟೋವ್ ಊರಿನ ಅಜ್ಜಿಯೊಬ್ಬಳು ಒಂದೇ ಪೊಟ್ಟಣಕ್ಕೆ ಒಂಬತ್ತು ಮಾತು ಕೊಟ್ಟು ನನ್ನ ಉಚ್ಚಾರಣೆಗೆ ಅತ್ತುಬಿಟ್ಟಳು. ಸಂತೋಷಕ್ಕೇ ಅತ್ತಿರಬೇಕು.

ನಿನ್ನೆ ಯುಸ್ಲೆಯ್ದಿಸ್ ಕೆಲಸ ಮುಗಿಸಿ ಹೊರಬಂದಳು. "ಏನ್ ತಾತ, ಇನ್ನೂ ಇಲ್ಲೇ?"

ಕೈ ಎತ್ತಲಿಲ್ಲ, ಗುಡುಗಲಿಲ್ಲ. ಮೆಲ್ಲಗೆ ರಷ್ಯನ್‌ನಲ್ಲಿ ಹೇಳಿದೆ: "ಕ್ಷಮಿಸಿ ಮೇಡಂ, ಹತ್ತು ನಿಮಿಷದಲ್ಲಿ ಬಿಸಿನೀರು ಬರುತ್ತೆ."

ಅವಳ ನಗು ಅಲ್ಲೇ ನಿಂತಿತು.

"ಮೇ ತಿಂಗಳಲ್ಲಿ ಇನ್ನೊಂದು ಪರೀಕ್ಷೆ ಇದೆ, ಮಾವ" ಎಂದಳು.

"ಗೊತ್ತು. ಅಷ್ಟರಲ್ಲಿ ಆ ಬಾಗಿಲು ರಿಪೇರಿ ಮಾಡಿಸಿಡು" ಎಂದೆ.